ಹಿಂದಿನ ಸೀಟಿನ ಸಾಕ್ಷಿ

ಮೋಟಾರು ಕಾರಿನಲ್ಲಿ ಪ್ರಯಾಣ ಮಾಡುವವರಲ್ಲಿ ಎರಡು ಜಾತಿ: ಮುಂದೆ ಕುಳಿತವರು, ಹಿಂದೆ ಕುಳಿತವರು. ಮುಂದೆ ಕುಳಿತು ಸ್ಟಿಯರಿಂಗ್ ಹಿಡಿದವನಿಗೆ ಇಡೀ ಗಾಡಿಯ ಸುಖದುಃಖವೆಲ್ಲ ತನಗೆ ತಿಳಿದಿದೆಯೆಂಬ ಭ್ರಮೆ. ಹಿಂದೆ ಕುಳಿತವರು "ಏನೋ ವಾಸನೆ", "ಏನೋ ಸದ್ದು" ಎಂದರೆ ಆತ ಅದನ್ನು ಸಲಹೆಯೆಂದು ಎಣಿಸುವುದಿಲ್ಲ, ಅಧಿಕಪ್ರಸಂಗವೆಂದೇ ಎಣಿಸುತ್ತಾನೆ. ಸಂಸಾರವೆಂಬ ಗಾಡಿಯಲ್ಲಿಯೂ ಇದೇ ಕಥೆಯೆಂದು ನನ್ನ ಶ್ರೀಮತಿಯ ಅಭಿಪ್ರಾಯ. ಅದನ್ನು ಇಲ್ಲಿ ವಿಚಾರಣೆಗೆ ತರುವ ಧೈರ್ಯ ನನಗಿಲ್ಲ. ನಾನು ಹೇಳಹೊರಟಿರುವುದು ಬರಿಯ ಕಾರಿನ ವಿಚಾರ.

ನಮ್ಮ ಮನೆಯಲ್ಲಿರುವುದು 1988ರ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಒಂದು ಮಾದರಿಯನ್ನು ಅನುಸರಿಸಿ 1950ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ತಯಾರಾಗತೊಡಗಿದ ಈ ಗಾಡಿಯ ವಂಶ, 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಕೆಲಸ ನಿಂತಾಗ ಮುಗಿಯಿತು. ಅಷ್ಟು ವರ್ಷಗಳಲ್ಲಿ ಅದರ ಎಂಜಿನು ಬದಲಾಯಿತು, ಮುಖದ ಜಾಲರಿ ಬದಲಾಯಿತು. ಗುಂಡಗಿನ ಬೆನ್ನು ಮಾತ್ರ ಹಾಗೆಯೇ ಉಳಿಯಿತು. ನಮ್ಮದನ್ನು ತಂದೆಯವರು ಎರಡನೆಯ ಕೈಯಲ್ಲಿ ಕೊಂಡು ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ತಾವೇ ನಡೆಸಿದರು. ಮೂರು ವರ್ಷಗಳ ಕೆಳಗೆ, ರಾತ್ರಿ ಎದುರಿನ ದೀಪ ಕಣ್ಣಿಗೆ ಕುಕ್ಕುತ್ತದೆಯೆಂದು ಹೇಳಿ, ಒಂದು ದಿನ ಬೀಗದ ಕೈಯನ್ನು ನನ್ನ ಕೈಗಿಟ್ಟರು. ಇಟ್ಟು, ಏನೂ ಹೇಳದೆ ಹೋಗಿ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕುಳಿತರು. ಅಂದಿನಿಂದ ಆ ಮೂಲೆ ಅವರದು.

ಚಿತ್ರದುರ್ಗದಲ್ಲಿ ನನ್ನ ಅಕ್ಕನ ಮನೆ. ತುಮಕೂರಿನಿಂದ ಸಿರಾ, ಹಿರಿಯೂರುಗಳ ಮೇಲೆ ಹೋಗುವ ಹೆದ್ದಾರಿ ಈಗ ಅಗಲವಾಗಿದೆ, ನುಣುಪಾಗಿದೆ. ಮುದಿ ಗಾಡಿಗೂ ಅಲ್ಲಿ ಯೌವನದ ಆಸೆ ಹುಟ್ಟುತ್ತದೆ. ಕಳೆದ ವರ್ಷ ನಾವೆಲ್ಲ ಅಕ್ಕನ ಮನೆಗೆ ಹೊರಟಿದ್ದಾಗ, ಸಿರಾ ದಾಟಿದ ಮೇಲೆ, ವೇಗದ ಮುಳ್ಳು ಎಂಬತ್ತರ ಹತ್ತಿರಕ್ಕೆ ಬಂದಿತ್ತು.

"ಏನಯ್ಯಾ, ಗಾಡಿ ಯಾಕೋ ಒಂಥರಾ ಆಡುತ್ತಲ್ಲ?" ಎಂದರು ತಂದೆಯವರು ಹಿಂದಿನಿಂದ.

ನಾನು ಸ್ಟಿಯರಿಂಗ್ ಚಕ್ರದ ಮೇಲಿನ ಹಿಡಿತವನ್ನು ಸಡಿಲಿಸಿ ನೋಡಿದೆ. ಅದು ದೇವರ ಮುಂದಿನ ದೀಪದಂತೆ ನಿಶ್ಚಲವಾಗಿತ್ತು. "ನಡುಗುತ್ತಾ ಇಲ್ಲವಲ್ಲ, ಅಪ್ಪ" ಎಂದೆ.

"ನಡುಗೋದಲ್ಲ ಕಣಯ್ಯಾ. ಜುಮ್ಮೆನ್ನುತ್ತೆ."

ನಾನು ಕನ್ನಡಿಯಲ್ಲಿ ನೋಡಿದೆ. ಅವರು ಬಲಗೈಯನ್ನು ಸೀಟಿನ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಆ ಕೈಯನ್ನು ಕೆಲವು ತಿಂಗಳುಗಳಿಂದ ನಾನೂ ಗಮನಿಸಿದ್ದೆ. ಕಾಫಿಯ ಲೋಟವನ್ನು ಎತ್ತುವಾಗ ಅದು ಸಣ್ಣಗೆ ನಡುಗುತ್ತಿತ್ತು. ನನ್ನ ಮನಸ್ಸು ಅಲ್ಲಿಯೇ ತೀರ್ಪು ಬರೆದು ಮುಗಿಸಿತು: ನಡುಕ ಗಾಡಿಯದಲ್ಲ, ಅವರದು. ನಾನು ಏನೂ ಹೇಳಲಿಲ್ಲ. ಆದರೆ ಹೇಳದೆ ಇದ್ದ ರೀತಿಯಲ್ಲಿಯೇ ಅವರಿಗೆ ಎಲ್ಲವೂ ತಿಳಿದಿರಬೇಕು. ಹಿಂದಿರುಗಿ ಬರುವಾಗ ಅವರು ಗಾಡಿಯ ಮಾತೆತ್ತಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಮತ್ತೆ ಎರಡು ಬಾರಿ ಆ ದಾರಿಯಲ್ಲಿ ಹೋದೆವು. ಎರಡು ಬಾರಿಯೂ ಅವರು ಸುಮ್ಮನೆ ಕೈಯನ್ನು ಸೀಟಿನಿಂದೆತ್ತಿ ಮಡಿಲಲ್ಲಿಟ್ಟುಕೊಂಡರು.

ಕೊನೆಗೆ ನಾನು ಅವರನ್ನು ನರರೋಗದ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ವೈದ್ಯರು ತಾಳ್ಮೆಯಿಂದ ಪರೀಕ್ಷಿಸಿದರು. ಕೈ ಚಾಚಿಸಿದರು, ಕಾಗದದ ಮೇಲೆ ಸುರುಳಿ ಬರೆಯಿಸಿದರು, ನಡೆಸಿದರು. ಆಮೇಲೆ, "ಜುಮ್ಮೆನ್ನುವುದು ಯಾವಾಗ ಹೆಚ್ಚು? ಬೆಳಿಗ್ಗೆಯೋ, ಸಾಯಂಕಾಲವೋ?" ಎಂದು ಕೇಳಿದರು.

"ಎಂಬತ್ತರಲ್ಲಿ ಹೆಚ್ಚು" ಎಂದರು ತಂದೆಯವರು.

"ಎಂಬತ್ತು ಏನು?"

"ಗಂಟೆಗೆ ಎಂಬತ್ತು ಕಿಲೋಮೀಟರು. ಅರವತ್ತರಲ್ಲಿ ಸುದ್ದಿಯೇ ಇಲ್ಲ. ಎಪ್ಪತ್ತಕ್ಕೆ ಶುರು. ಎಂಬತ್ತೈದು ದಾಟಿದರೆ ಸ್ವಲ್ಪ ಇಳಿಯುತ್ತೆ."

ವೈದ್ಯರು ಲೇಖನಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಕೈಯಲ್ಲಿರುವುದು ವಯಸ್ಸಿನ ಸಣ್ಣ ನಡುಕ. ಸದ್ಯಕ್ಕೆ ಔಷಧವೂ ಬೇಡ, ಭಯವೂ ಬೇಡ. ಆದರೆ ಇವರು ಈಗ ಹೇಳಿದ ರೋಗ ನನ್ನ ವಿದ್ಯೆಗೆ ಸೇರಿದ್ದಲ್ಲ. ಯಾವ ನರಕ್ಕೂ ಸ್ಪೀಡಾಮೀಟರು ಓದಲು ಬರುವುದಿಲ್ಲ. ಗಾಡಿಯನ್ನು ತೋರಿಸಿ" ಎಂದರು.

ತಂದೆಯವರು ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮರುದಿನ ಭಾನುವಾರ. ಶ್ರೀಮತಿಯ ಕೈಗೆ ಬೀಗದ ಕೈ ಕೊಟ್ಟು ನಾನು ಹಿಂದಿನ ಸೀಟಿನ ಎಡಮೂಲೆಯಲ್ಲಿ ಕುಳಿತೆ. ಕಾಲ ಬಳಿ ಒಂದು ಅಗಲ ಬಾಯಿಯ ಸ್ಟೀಲು ಪಾತ್ರೆಯಲ್ಲಿ ಅರ್ಧ ನೀರು. ಊರು ಬಿಟ್ಟು ಹೆದ್ದಾರಿಗೆ ಬಂದೆವು. ಅರವತ್ತರಲ್ಲಿ ನೀರು ರಸ್ತೆಯ ಏರಿಳಿತಕ್ಕೆ ತಕ್ಕಂತೆ ಸಹಜವಾಗಿ ತುಳುಕುತ್ತಿತ್ತು. ಎಪ್ಪತ್ತು ದಾಟುತ್ತಲೂ ಅದರ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಎಂಬತ್ತಕ್ಕೆ ಇಡೀ ಮೈ ಒರಟು ಗಾಜಿನಂತಾಯಿತು. ಸೀಟಿನ ಕೆಳಗಿನಿಂದ ಒಂದು ಸಣ್ಣ ಝೇಂಕಾರ ಎದ್ದು ಬೆನ್ನುಮೂಳೆಯ ಬುಡಕ್ಕೆ ಸೇರುತ್ತಿತ್ತು. ಕಾಲು ಮರಗಟ್ಟಿ ಮತ್ತೆ ಜೀವ ಬರುವಾಗ ಆಗುತ್ತದಲ್ಲ, ಅದೇ ಅನುಭವ.

"ಸ್ಟಿಯರಿಂಗ್‌ನಲ್ಲಿ ಏನಾದರೂ ಗೊತ್ತಾಗುತ್ತದೆಯೇ?" ಎಂದು ಕೂಗಿದೆ.

"ಏನೂ ಇಲ್ಲವಲ್ಲ!" ಎಂದಳು ಆಕೆ.

ನಡುಗು, ಅದುರು, ಅಲುಗು, ತೊನೆ, ಜುಮ್ಮೆನ್ನು: ಈ ಪದಗಳಿಗೆ ಒಂದರಿಂದ ಒಂದಕ್ಕೆ ಎಷ್ಟು ಅಂತರವಿದೆಯೆಂಬುದನ್ನು ತರಗತಿಯಲ್ಲಿ ವಿವರಿಸಿ ಸಂಬಳ ಪಡೆಯುವವನು ನಾನು. ತಂದೆಯವರು ಮೊದಲನೆಯ ದಿನವೇ ಸರಿಯಾದ ಪದವನ್ನು ಆರಿಸಿ ಕೊಟ್ಟಿದ್ದರು. ನಾನು ಅದನ್ನು "ನಡುಕ"ವೆಂದು ಅನುವಾದ ಮಾಡಿಕೊಂಡು, ಆ ತಪ್ಪು ಅನುವಾದಕ್ಕೆ ವೈದ್ಯರ ಬಳಿ ಚಿಕಿತ್ಸೆ ಕೇಳಿದ್ದೆ.

ರೋಗ ಗಾಡಿಯದೇ ಎಂದು ಗೊತ್ತಾಯಿತು. ಎಲ್ಲಿ ಎಂಬುದು ಉಳಿಯಿತು. ವೇಗಕ್ಕೆ ಗಾಡಿ ನಡುಗಿದರೆ ಲೋಕವೆಲ್ಲ ಹೇಳುವ ಮೊದಲ ಮದ್ದು ಚಕ್ರಗಳ ತೂಕ ಸರಿಪಡಿಸುವುದು. ಟೈರಿನಂಗಡಿಯಲ್ಲಿ ನಾಲ್ಕು ಚಕ್ರಗಳನ್ನೂ ಯಂತ್ರಕ್ಕೇರಿಸಿ ಬ್ಯಾಲೆನ್ಸಿಂಗ್ ಮಾಡಿಸಿದೆ. ಸೀಸದ ತುಣುಕುಗಳು ಕೂತವು, ಹಣ ಹೋಯಿತು, ಝೇಂಕಾರ ಉಳಿಯಿತು. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ದೋಷ ಟೈರಿನದಾಗಿದ್ದರೆ ಅದೂ ಟೈರಿನ ಜೊತೆಗೆ ಮುಂದಕ್ಕೆ ಬಂದು ಸ್ಟಿಯರಿಂಗ್‌ನಲ್ಲಿ ಕಾಣಿಸಿಕೊಳ್ಳಬೇಕಾಗಿತ್ತು. ಅದು ತನ್ನ ಎಡಮೂಲೆಯನ್ನು ಬಿಟ್ಟು ಕದಲಲಿಲ್ಲ.

ಆಮೇಲೆ ಒಂದು ಸಂಜೆ ಲೆಕ್ಕ ಹಾಕಲು ಕುಳಿತೆ. ಅಂಬಾಸಡರಿನ ಹದಿನೈದು ಅಂಗುಲದ ಚಕ್ರ ಟೈರು ಸೇರಿ ಒಂದು ಸುತ್ತಿಗೆ ಸುಮಾರು ಎರಡು ಮೀಟರು ನೆಲ ಕ್ರಮಿಸುತ್ತದೆ. ಗಂಟೆಗೆ 80 ಕಿಲೋಮೀಟರೆಂದರೆ ಸೆಕೆಂಡಿಗೆ 22 ಮೀಟರು. ಅಂದರೆ ಚಕ್ರ ಸೆಕೆಂಡಿಗೆ ಹನ್ನೊಂದು ಸುತ್ತು. ಆದರೆ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲರ್ ಶಾಫ್ಟು ಚಕ್ರಕ್ಕಿಂತ ವೇಗವಾಗಿ ತಿರುಗುತ್ತದೆ. ಇದನ್ನು ಎಣಿಸಿ ನೋಡುವ ಸುಲಭೋಪಾಯವಿದೆ. ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡ್ಡೆ ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿಯಿಂದ ಎತ್ತಿ, ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಗುರುತು ಎಷ್ಟು ಸುತ್ತು ಬಂತೋ ಅದೇ ಅವೆರಡರ ಪ್ರಮಾಣ. ನಮ್ಮದರಲ್ಲಿ ನಾಲ್ಕೂವರೆಯ ಆಸುಪಾಸು ಬಂತು. ಎಂದರೆ ಎಂಬತ್ತರ ವೇಗದಲ್ಲಿ ಶಾಫ್ಟು ಸೆಕೆಂಡಿಗೆ ಐವತ್ತು ಸುತ್ತು, ನಿಮಿಷಕ್ಕೆ ಮೂರು ಸಾವಿರ.

ಸೆಕೆಂಡಿಗೆ ಹನ್ನೊಂದು ಪೆಟ್ಟು ಬಿದ್ದರೆ ಮೈಗೆ ಅದು ಅದುರುವಿಕೆಯಾಗಿ ತೋರುತ್ತದೆ. ಪೆಟ್ಟುಗಳನ್ನು ಎಣಿಸಿಯೇವೆನ್ನುವ ಭ್ರಮೆ ಬರುತ್ತದೆ. ಐವತ್ತು ಬಿದ್ದರೆ ಎಣಿಕೆ ಕರಗಿ ಶ್ರುತಿಯಾಗುತ್ತದೆ, ಜುಮ್ಮೆನ್ನುತ್ತದೆ. ತಂದೆಯವರ ಪದ ಚಕ್ರವನ್ನು ಬಿಟ್ಟು ಶಾಫ್ಟನ್ನೇ ಬೆರಳಿಟ್ಟು ತೋರಿಸುತ್ತಿತ್ತು.

ಆದರೆ ಇಲ್ಲೊಂದು ತೊಡಕು. ನಾಲ್ಕನೆಯ ಗೇರಿನಲ್ಲಿ ಎಂಜಿನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಕಳ್ಳನೂ ಸಾಧುವೂ ಒಂದೇ ವೇಷದಲ್ಲಿ ನಿಂತಂತೆ! ಅವರನ್ನು ಬೇರ್ಪಡಿಸುವ ಬಗೆಯೂ ಉಂಟು. ಮೊದಲು ಗಾಡಿಯನ್ನು ನಿಲ್ಲಿಸಿಯೇ ಎಂಜಿನನ್ನು ಆ ವೇಗಕ್ಕೆ ಏರಿಸಿದೆವು. ಸೀಟಿನ ಕೆಳಗೆ ಏನೂ ಇಲ್ಲ. ಬಳಿಕ ಮುಂಜಾನೆ ನೆಟ್ಟಗಿನ ನಿರ್ಜನ ರಸ್ತೆಯಲ್ಲಿ ಎಂಬತ್ತಕ್ಕೆ ಹೋಗಿ, ಶ್ರೀಮತಿ ಕ್ಲಚ್ಚನ್ನು ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದಳು. (ಬೀಗದ ಕೈಯನ್ನು ಮಾತ್ರ ಮುಟ್ಟಬಾರದು, ಓಡುವ ಗಾಡಿಯಲ್ಲಿ ಎಂಜಿನನ್ನು ಆರಿಸುವುದು ಅಪಾಯ.) ಎಂಜಿನು ಮೆಲ್ಲಗೆ ಗೊಣಗುವ ಸ್ಥಿತಿಗೆ ಇಳಿಯಿತು. ಝೇಂಕಾರ ನಿಲ್ಲಲಿಲ್ಲ. ಗಾಡಿ ತಾನಾಗಿ ನಿಧಾನಿಸುತ್ತ ಎಪ್ಪತ್ತಕ್ಕಿಂತ ಕೆಳಗಿಳಿದಾಗ ಅದೂ ಇಳಿದು ಇಲ್ಲವಾಯಿತು. ಎಂಜಿನು ನಿರ್ದೋಷಿಯೆಂದು ಬಿಡುಗಡೆಯಾಯಿತು. ಉಳಿದದ್ದು ಗೇರುಪೆಟ್ಟಿಗೆಯ ಹಿಂಬಾಗಿಲಿನಿಂದ ಹಿಂದಿನ ಅಚ್ಚಿನವರೆಗಿನ ದಾರಿ.

ಇಷ್ಟು ಸಿದ್ಧತೆ ಮಾಡಿಕೊಂಡು, ತಂದೆಯವರು ಬಹುಕಾಲ ನಂಬಿದ್ದ ಹಳೆಯ ಮೇಸ್ತ್ರಿಗಳ ಬಳಿಗೆ ಹೋದೆ. ನಾನು ಗಾಡಿಯ ಯಜಮಾನನಾದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅವರ ಷೆಡ್ಡು ಊರಾಚೆ. ಕಾಲೇಜಿನ ಪಕ್ಕದಲ್ಲಿಯೇ ಇನ್ನೊಂದು ವರ್ಕ್‌ಶಾಪು ಇರುವಾಗ ಅಷ್ಟು ದೂರವೇಕೆ ಎಂದು ಎಣಿಸಿದ್ದೆ.

ಮೇಸ್ತ್ರಿಗಳು ನನ್ನ ಲೆಕ್ಕವನ್ನೆಲ್ಲ ಕೇಳಿ, "ಮೇಷ್ಟ್ರೇ, ಇಷ್ಟೆಲ್ಲ ನೀವೇ ಮಾಡಿದ ಮೇಲೆ ನನಗೇನು ಉಳಿಸಿದ್ದೀರಿ?" ಎಂದು ನಗುತ್ತ ಗಾಡಿಯ ಅಡಿಗೆ ಜಾರಿದರು. ನಾನೂ ಪಕ್ಕದಲ್ಲಿ ಗೋಣಿಯ ಮೇಲೆ ಮಲಗಿ ನೋಡಿದೆ. ಉದ್ದನೆಯ ಕೊಳವೆಯಂತಹ ಶಾಫ್ಟು; ಎರಡು ತುದಿಯಲ್ಲಿಯೂ ಒಂದೊಂದು ಯೂನಿವರ್ಸಲ್ ಜಾಯಿಂಟು. ಎರಡು ಕವೆಗಳು, ನಡುವೆ ಕೂಡಿಸುವ ಲೋಹದ ಶಿಲುಬೆ, ಅದರ ನಾಲ್ಕು ತುದಿಗೆ ಬಟ್ಟಲಿನಂತಹ ಟೊಪ್ಪಿಗೆಗಳು, ಟೊಪ್ಪಿಗೆಗಳೊಳಗೆ ಸೂಜಿಯಂತಹ ಸಣ್ಣ ಉರುಳೆಗಳು. ಹಿಂದಿನ ಅಚ್ಚು ಪಟ್ಟಿ ಸ್ಪ್ರಿಂಗುಗಳ ಮೇಲೆ ಸದಾ ಏರುತ್ತ ಇಳಿಯುತ್ತ ಇರುವುದರಿಂದ ಶಾಫ್ಟು ಓರೆಯಾಗುತ್ತಲೇ ತಿರುಗಬೇಕು; ಅದಕ್ಕಾಗಿ ಈ ಸಂಧಿಗಳು. 16ನೆಯ ಶತಮಾನದ ಇಟಲಿಯ ಕಾರ್ಡಾನೋವಿನ ಹೆಸರೂ 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಈ ಸಂಧಿಗೆ ಅಂಟಿಕೊಂಡಿವೆ. ಇದಕ್ಕೊಂದು ವಿಚಿತ್ರ ಸ್ವಭಾವ: ಓರೆಯಾಗಿ ತಿರುಗುವಾಗ ಒಂದು ಕಡೆ ಸಮವೇಗವಿದ್ದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಅವಸರಿಸುತ್ತದೆ, ಎರಡು ಸಲ ತಡೆಯುತ್ತದೆ. ಒಂದು ಸಂಧಿ ಮಾಡಿದ ಈ ಏರುಪೇರನ್ನು ಮತ್ತೊಂದು ಸಂಧಿ ಅಷ್ಟೇ ಓರೆಯಲ್ಲಿ ನಿಂತು ತಿದ್ದುತ್ತದೆ. ಒಳ್ಳೆಯ ದಾಂಪತ್ಯದಂತೆ ಇಬ್ಬರೂ ನೆಟ್ಟಗಿರಬೇಕೆಂಬ ನಿಯಮವಿಲ್ಲ. ಹೊಂದಿಕೊಂಡು ಓರೆಯಾಗಿದ್ದರೆ ಸಾಕು.

ಮೇಸ್ತ್ರಿಗಳು ಶಾಫ್ಟಿನ ಮುಂದಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರು, ಎತ್ತಿದರು, ಒತ್ತಿದರು. ಅದು ಮಾತಾಡಲಿಲ್ಲ. ಹಿಂದಿನ ತುದಿಗೆ ಬಂದು ಹಾಗೆಯೇ ಮಾಡಿದಾಗ "ಟಿಕ್" ಎಂದಿತು. ಮತ್ತೆ ತಿರುಚಿದರು, ಮತ್ತೆ "ಟಿಕ್". ಟಾರ್ಚು ಹಿಡಿದು ತೋರಿಸಿದರು: ಟೊಪ್ಪಿಗೆಯ ಅಂಚಿನಲ್ಲಿ ಕುಂಕುಮದಂತಹ ಕೆಂಪು ಪುಡಿ. ಒಳಗೆ ಗ್ರೀಸು ಆರಿ, ಉಕ್ಕಿನ ಸೂಜಿಗಳು ಒಣಗಿ ತಿಕ್ಕಿ, ತುಕ್ಕಾಗಿ ಹೊರಬರುತ್ತಿದ್ದವು.

"ಇದು ಕಾರಣವೇ?" ಎಂದೆ.

"ಇದೂ ಒಂದು. ಮೇಷ್ಟ್ರೇ, ಈ ಶಾಫ್ಟನ್ನು ಈಚೆಗೆ ಯಾರಾದರೂ ಬಿಚ್ಚಿದ್ದರೆ?"

ಬಿಚ್ಚಿದ್ದರು. ಅಕ್ಕನ ಮನೆಯ ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ ಕ್ಲಚ್ ಪ್ಲೇಟು ಬದಲಾಯಿಸಲು ಆ ಸಮೀಪದ ವರ್ಕ್‌ಶಾಪಿನಲ್ಲಿ ಗೇರುಪೆಟ್ಟಿಗೆಯನ್ನು ಇಳಿಸಿದ್ದರು. ಶಾಫ್ಟು ಬಿಚ್ಚದೆ ಅದು ಇಳಿಯುವುದಿಲ್ಲ.

ಮೇಸ್ತ್ರಿಗಳು ಹಿಂದಿನ ಜಾಯಿಂಟಿನ ಪಕ್ಕದ ಮಣ್ಣನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರಸಿದರು. ಶಾಫ್ಟಿನ ಬಿಲ್ಲೆಯೂ ಅಚ್ಚಿನ ಬಿಲ್ಲೆಯೂ ಅಲ್ಲಿ ನಾಲ್ಕು ಬೋಲ್ಟುಗಳಿಂದ ಕೂಡಿಕೊಂಡಿವೆ. ಒಂದು ಬಿಲ್ಲೆಯ ಅಂಚಿನಲ್ಲಿ ಉಳಿಯಿಂದ ಹೊಡೆದ ಸಣ್ಣ ಕಚ್ಚು ಮೇಲ್ಗಡೆ ಕಂಡಿತು. ಇನ್ನೊಂದು ಬಿಲ್ಲೆಯಲ್ಲಿಯೂ ಅಂತಹುದೇ ಕಚ್ಚು ಇತ್ತು; ಆದರೆ ಅದು ಕೆಳಗಡೆ, ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ.

"ಇವೆರಡೂ ಎದುರುಬದುರು ಒಂದೇ ಗೆರೆಯಲ್ಲಿ ಕೂರಬೇಕು. ಬೋಲ್ಟಿನ ತೂತು ನಾಲ್ಕು, ಹೇಗೆ ಬೇಕಾದರೂ ಕೂರುತ್ತೆ; ಆದರೆ ಇಷ್ಟು ವರ್ಷ ಒಂದಕ್ಕೊಂದು ಒಗ್ಗಿದ ತೂಕ ತಪ್ಪಿಹೋಗುತ್ತೆ. ಈ ಕಚ್ಚು ನನ್ನ ಕೈಯದೇ. ಎಷ್ಟೋ ವರ್ಷದ ಹಿಂದೆ ಬಿಚ್ಚಿದಾಗ ನಿಮ್ಮ ತಂದೆಯವರು ಇಲ್ಲೇ ಮಗ್ಗುಲಲ್ಲಿ ಕೂತಿದ್ದರು. 'ಗುರುತು ಹಾಕದೆ ಬಿಚ್ಚಬೇಡಿ ಮೇಸ್ತ್ರಿ' ಅಂತ ಹೊಡೆಸಿದರು" ಎಂದರು ಅವರು.

ನಾನು ಗೋಣಿಯ ಮೇಲೆ ಮಲಗಿಯೇ ಇದ್ದೆ. ಎದ್ದು ಕುಳಿತುಕೊಳ್ಳಲು ಅಲ್ಲಿ ಎಡೆಯಿರಲಿಲ್ಲ. ಇದ್ದಿದ್ದರೂ ಎದ್ದಿರುತ್ತಿದ್ದೆನೋ ಇಲ್ಲವೋ. ಕ್ಲಚ್ಚು ಹಾಕಿಸಲು ಹೋಗುವ ಮುನ್ನ ನಾನು ತಂದೆಯವರಿಗೆ ಒಂದು ಮಾತು ಹೇಳಿರಲಿಲ್ಲ.

ಕೇವಲ ಎಂಬತ್ತರಲ್ಲಿಯೇ ಈ ರೋಗ ಏಕೆ ಹೆಚ್ಚು? ಉಯ್ಯಾಲೆಯನ್ನು ಎಷ್ಟೇ ಬಲವಾಗಿ ತಳ್ಳಿದರೂ ಹೊತ್ತು ತಪ್ಪಿ ತಳ್ಳಿದರೆ ಅದು ಏರುವುದಿಲ್ಲ. ಅದರ ತಾಳವರಿತು ಮೆಲ್ಲಗೆ ತಳ್ಳಿದರೂ ಏರುತ್ತದೆ. ಗಾಡಿಯ ಮೈಗೂ ಅದರದೇ ಆದ ತಾಳವುಂಟು. ಶಾಫ್ಟಿನ ತಳ್ಳುವಿಕೆ ಆ ತಾಳಕ್ಕೆ ಕೂಡಿದ ವೇಗದಲ್ಲಿ ಸಣ್ಣ ದೋಷವೂ ದೊಡ್ಡದಾಗುತ್ತದೆ, ದಾಟಿದರೆ ಇಳಿಯುತ್ತದೆ. ಇಳಿಯಿತೆಂದು ದೋಷ ಹೋಯಿತೆಂದಲ್ಲ. "ಹೀಗೇ ಓಡಿಸಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದೆ. ಮೇಸ್ತ್ರಿಗಳು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: ಒಣಗಿದ ಶಿಲುಬೆ ಒಂದು ದಿನ ಮುರಿಯುತ್ತದೆ. ಹಿಂದಿನದು ಮುರಿದರೆ ಶಾಫ್ಟಿನ ತುದಿ ಬಿಡುಗಡೆಯಾಗಿ ತಿರುಗುತ್ತಲೇ ಗಾಡಿಯ ತಳವನ್ನು ಬಡಿಯುತ್ತದೆ. ಮುಂದಿನದು ಮುರಿದು ಶಾಫ್ಟು ನೆಲಕ್ಕೆ ಬಿದ್ದರಂತೂ ಅದು ರಸ್ತೆಗೆ ಊರಿ ಗಾಡಿಯನ್ನೇ ಎತ್ತಿ ಹಾಕಬಹುದು. ಆ ಶಾಫ್ಟಿನ ಮೇಲೆ, ಒಂದು ತೆಳುವಾದ ತಗಡಿನ ಅಂತರದಲ್ಲಿ, ತಂದೆಯವರೂ ನನ್ನ ಇಬ್ಬರು ಮಕ್ಕಳೂ ಕುಳಿತಿರುತ್ತಿದ್ದರು.

ಮೇಸ್ತ್ರಿಗಳು ಮೊದಲು ಬಣ್ಣದಿಂದ ಹೊಸ ಗುರುತು ಹಾಕಿಯೇ ಶಾಫ್ಟನ್ನು ಇಳಿಸಿದರು. ಹಳೆಯ ಶಿಲುಬೆಯನ್ನು ಹೊರತೆಗೆದಾಗ ಅದರ ಒಂದು ತೋಳಿನ ಮೇಲೆ ಸೂಜಿಗಳು ಕೊರೆದ ಗೆರೆಗಳು ಉಗುರಿಗೆ ತಾಗುತ್ತಿದ್ದವು. ಹೊಸದನ್ನು ಗ್ರೀಸು ತುಂಬಿ, ಸೂಜಿಗಳು ಬೀಳದಂತೆ ವೈಸಿನಲ್ಲಿ ಒತ್ತಿ ಕೂರಿಸಿ, ಕವೆಯ ನಡುವೆ ಅದು ಯಾವ ಕಡೆಗೂ ವಾಲದಂತೆ ಲಾಕುಗಳನ್ನು ಹಾಕಿದರು. ಆಮೇಲೆ ಹಳೆಯ ಕಚ್ಚುಗಳೆರಡನ್ನೂ ಒಂದೇ ಗೆರೆಗೆ ತಂದು ನಾಲ್ಕು ಬೋಲ್ಟುಗಳನ್ನು ಬಿಗಿದರು. ಇಷ್ಟಕ್ಕೂ ಹೋಗದಿದ್ದರೆ ಶಾಫ್ಟನ್ನು ಯಂತ್ರಕ್ಕೆ ಹಾಕಿ ತಿರುಗಿಸಿ ತೂಕದ ಬಿಲ್ಲೆ ಬೆಸೆಯಿಸಬೇಕಾಗುತ್ತದೆ ಎಂದೂ ಎಚ್ಚರಿಸಿದರು. ಅದು ಬೇಕಾಗಲಿಲ್ಲ. ಎಲ್ಲಕ್ಕೂ ಆದ ವೆಚ್ಚ ನಾನು ಟೈರಿನಂಗಡಿಗೂ ವೈದ್ಯರಿಗೂ ತೆತ್ತದ್ದಕ್ಕಿಂತ ಕಡಮೆ.

"ಎರಡು ದೋಷವನ್ನೂ ಒಟ್ಟಿಗೆ ತೆಗೆದಿರಿ. ಯಾವುದರ ಪಾಲು ಎಷ್ಟೆಂದು ಹೇಗೆ ತಿಳಿಯುವುದು?" ಎಂದು ಕೇಳಿದೆ.

"ಇದೇನು ಪರೀಕ್ಷೆ ಪೇಪರೇ ಮೇಷ್ಟ್ರೇ, ಅಂಕ ಹಂಚೋಕೆ?" ಎಂದರು ಮೇಸ್ತ್ರಿಗಳು ಕೈ ಒರಸಿಕೊಳ್ಳುತ್ತ.

ಮನೆಗೆ ಬಂದು ಎಲ್ಲವನ್ನೂ ತಂದೆಯವರಿಗೆ ಹೇಳಿದೆ. ಕಚ್ಚಿನ ಮಾತನ್ನು ಹೇಳುವಾಗ ನನ್ನ ಧ್ವನಿ ತಗ್ಗಿತು. ಅವರು ಕೇಳಿ, "ಮೇಸ್ತ್ರಿ ಚೆನ್ನಾಗಿದ್ದಾನೆಯೇ?" ಎಂದು ಮಾತ್ರ ಕೇಳಿದರು.

ಮರುವಾರ ಅಕ್ಕನ ಮನೆಗೆ ಹೊರಟೆವು. ಸಿರಾ ದಾಟಿತು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ನಾನು ಕನ್ನಡಿಯಲ್ಲಿ ನೋಡಿದೆ. ತಂದೆಯವರು ಕೈಯನ್ನು ಸೀಟಿನ ಮೇಲೆ ಅಂಗಾತ ಇಟ್ಟು ಕಣ್ಣು ಮುಚ್ಚಿ ಕುಳಿತಿದ್ದರು.

"ಅಪ್ಪ, ಈಗ ಎಂಬತ್ತು" ಎಂದೆ.

ಅವರು ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಗಾಡಿ ಸರಿಹೋಗಿದೆ ಕಣಯ್ಯಾ. ಈಗ ನನ್ನ ಕೈ ಮಾತ್ರ."

ಹಿರಿಯೂರಿನವರೆಗೆ ಯಾರೂ ಮಾತನಾಡಲಿಲ್ಲ. ಅಲ್ಲಿ ಕಾಫಿಗೆ ಇಳಿದೆವು. ತಂದೆಯವರು ಲೋಟವನ್ನು ಎರಡು ಕೈಯಲ್ಲಿಯೂ ಹಿಡಿದು ಕುಡಿದರು. ಮತ್ತೆ ಹೊರಡುವಾಗ ಬೀಗದ ಕೈಯನ್ನು ಶ್ರೀಮತಿಗೆ ಕೊಟ್ಟು, ಮಕ್ಕಳಲ್ಲಿ ಒಬ್ಬನನ್ನು ಮುಂದಕ್ಕೆ ಕಳುಹಿಸಿ, ನಾನು ಹಿಂದಿನ ಸೀಟಿನಲ್ಲಿ ಅವರ ಪಕ್ಕಕ್ಕೆ ಕುಳಿತೆ. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣಿಸಿದವು. ಅವುಗಳ ರೆಕ್ಕೆ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆಯೆಂದು ತಂದೆಯವರು ಮೊಮ್ಮಗಳಿಗೆ ಎಣಿಸಿ ತೋರಿಸುತ್ತಿದ್ದರು. ನಾನೂ ಎಣಿಸಿದೆ. ನನ್ನ ಲೆಕ್ಕ ಅವರ ಲೆಕ್ಕಕ್ಕಿಂತ ಒಂದು ಹೆಚ್ಚು ಬಂತು. ಈ ಸಲ ನನ್ನದೇ ತಪ್ಪಿರಬೇಕೆಂದುಕೊಂಡು ಮೊದಲಿನಿಂದ ಎಣಿಸತೊಡಗಿದೆ.